ಕೆಂಪವ್ವನ ಸಂಶಯ

ಕೌಜಲಗಿಯಿಂದ ಗೋಕಾಕದ ಕಡೆ ಹೊರಟ ಬಸ್ಸು ಹಳ್ಳದ ಸೇತುವೆ ದಾಟಿದ ಕೂಡಲೇ ಎಡಕ್ಕೊಂದು ತಂತಿಬೇಲಿ ಕಾಣುತ್ತದೆ. ಅದು ಹಳ್ಳದಂಡೆ ಕೃಷಿ ಸಂಶೋಧನಾ ತೋಟ. ಬೇಲಿಯೊಳಗೆ ನಾಲ್ಕು ಕಾಲಿನ ಮೇಲೆ ಒಂದು ಬಿಳಿಯ ಕಟ್ಟಿಗೆಪೆಟ್ಟಿಗೆ ನಿಂತಿದೆ. ಅದರ ಗೋಡೆಗಳೆಲ್ಲ ಓರೆಯಾಗಿ ಜೋಡಿಸಿದ ಪಟ್ಟಿಗಳು. ಗಾಳಿ ಆಡುತ್ತದೆ, ಬಿಸಿಲು ಒಳಗೆ ಬೀಳುವುದಿಲ್ಲ. ಊರವರು ಅದನ್ನು ಜೇನಪೆಟಗಿ ಎಂದೇ ಕರೆಯುತ್ತಾರೆ. ಆದರೆ ಒಳಗಿರುವುದು ಜೇನಲ್ಲ, ಥರ್ಮಾಮೀಟರುಗಳು. ದಿನದ ಅತಿ ಹೆಚ್ಚಿನ ಬಿಸಿ ಎಷ್ಟೆಂದು ಒಂದು ಹೇಳುತ್ತದೆ, ಅತಿ ಕಡಿಮೆ ಎಷ್ಟೆಂದು ಇನ್ನೊಂದು. ದಿನಕ್ಕೆ ಎರಡು ಸಲ ಅವುಗಳನ್ನು ನೋಡಿ, ದಪ್ಪ ರಟ್ಟಿನ ಬುಕ್ಕಿನಲ್ಲಿ ಬರೆಯುವ ಕೆಲಸವನ್ನು ಕೆಂಪವ್ವ ಮೂವತ್ತೊಂದು ವರ್ಷದಿಂದ ಮಾಡುತ್ತ ಬಂದಿದ್ದಾಳೆ.

ಆಕೆ ಆ ತೋಟಕ್ಕೆ ಬಂದದ್ದು ಕಸ ಗುಡಿಸಲು. ಏಳನೆಯ ಇಯತ್ತೆವರೆಗೆ ಓದಿದ್ದಳು. ಆಗ ಪೆಟ್ಟಿಗೆ ನೋಡಿಕೊಳ್ಳುತ್ತಿದ್ದವರು ಅಶೋಕ ಮಾಸ್ತರ ಎಂಬ ವಯಸ್ಸಾದ ಮನುಷ್ಯ. ಮಗಳ ಮದುವೆಗೆಂದು ಹದಿನೈದು ದಿನ ರಜೆ ಹೋಗುವಾಗ, ಅಂಕಿ ಓದಬಲ್ಲವಳು ಇವಳೊಬ್ಬಳೇ ಎಂದು ಕರೆದು ತೋರಿಸಿಕೊಟ್ಟರು. ಕೆಂಪವ್ವ ಗಿಡ್ಡ. ಮಾಸ್ತರು ತಾವೇ ಒಂದು ಚಪ್ಪಡಿಕಲ್ಲು ಉರುಳಿಸಿ ತಂದು ಪೆಟ್ಟಿಗೆಯ ಮುಂದೆ ಹಾಕಿದರು.

"ಕಣ್ಣು ಪಾದರಸದ ಸಮಕ್ಕ ಇರಬೇಕವಾ. ಮ್ಯಾಲಿಂದ ನೋಡಿದ್ರ ಒಂದ್ ಹೇಳತೈತಿ, ಕೆಳಗಿಂದ ನೋಡಿದ್ರ ಇನ್ನೊಂದ್ ಹೇಳತೈತಿ. ಮತ್ತ ಏನ್ ಕಾಣತೈತೋ ಅದನ್ನಷ್ಟ ಬರಿ. ಇವತ್ತ ಎಷ್ಟ ಇರಬೇಕಿತ್ತು ಅಂತ ನಿನ್ನ ತಲ್ಯಾಗ ಇರತೈತಲ್ಲ, ಅದನ್ನ ಬರೀಬ್ಯಾಡ."

ಹದಿನೈದು ದಿನದ ಬುಕ್ಕನ್ನು ಮಾಸ್ತರು ಸಾಲು ಸಾಲಾಗಿ ಓದಿ ಕೆಳಗೆ ಸಹಿ ಹಾಕಿದರು. ಮರುವರ್ಷ ನಿವೃತ್ತರಾಗುವಾಗ ಇವಳ ಹೆಸರು ಹೇಳಿ ಹೋದರು.

ಕೇಳುವ ಚಟ ಕೆಂಪವ್ವನಿಗೆ ಮನೆಯಿಂದಲೇ ಬಂದದ್ದು. ಅವಳ ಅಪ್ಪ ಭೀಮರಾಯ ಕೂಲಿ ಮಾಡಿಕೊಂಡೇ ಬೌದ್ಧನಾದವನು. ಮನೆಯಲ್ಲಿ ಎರಡು ಫೋಟೊ, ಒಂದು ಬುದ್ಧನದು, ಒಂದು ಬಾಬಾಸಾಹೇಬರದು. ಊರ ಬಾವಿಯ ಕಟ್ಟೆ ಹತ್ತಬೇಡಿ, ಇದು ಮೊದಲಿನಿಂದಲೂ ಹೀಗೇ ನಡೆದು ಬಂದಿದೆ ಎಂದು ಹಿರಿಯರು ಹೇಳಿದಾಗ ಭೀಮರಾಯ ಕೈಕಟ್ಟಿಕೊಂಡೇ ಕೇಳಿದ್ದನಂತೆ: "ಮೊದಲಿನಿಂದ ಅಂದ್ರ ಯಾವಾಗಿನಿಂದ್ರಿ? ಯಾರ್ ನೋಡ್ಯಾರ್ರಿ?" ಉತ್ತರ ಸಿಗದಿದ್ದರೂ ಅವನು ಕೇಳುವುದನ್ನು ಬಿಡಲಿಲ್ಲ. ಮಗಳು ಆ ಮಾತನ್ನು ಸೀರೆಯ ಗಂಟಿನಲ್ಲಿ ಕಟ್ಟಿಕೊಂಡವಳಂತೆ ಬೆಳೆದಳು. ಅವಳ ಗಂಡ ಬೇಗ ತೀರಿಕೊಂಡ. ಒಬ್ಬಳೇ ಮಗಳು ಸುಮನಳನ್ನು ಓದಿಸಿದಳು. ಸುಮನ ಈಗ ಹುಕ್ಕೇರಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾಳೆ. ಶನಿವಾರ ಮಧ್ಯಾಹ್ನ ಸಾಲೆ ಬಿಟ್ಟಮೇಲೆ ಬಸ್ಸು ಹಿಡಿದು ತಾಯಿಯ ಹತ್ತಿರ ಬರುತ್ತಾಳೆ.

ಮೂರು ವರ್ಷದ ಹಿಂದೆ ನಿಡಸೋಸಿಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ಹವಾಮಾನದ ಬಗ್ಗೆ ಒಂದು ಸಭೆ ನಡೆಯಿತು. ಗೋಕಾಕದ ವ್ಯಾಪಾರಸ್ಥರ ಮನೆಯ ಹುಡುಗಿ ನೇತ್ರಾ, ಹವಾಮಾನ ಶಾಸ್ತ್ರ ಓದಿ ಬಂದವಳು, ಸುತ್ತಲಿನ ಹಳೆಯ ಬುಕ್ಕುಗಳನ್ನೆಲ್ಲ ಕಲೆಹಾಕಿ ಲೆಕ್ಕ ಮಾಡಿದ್ದಳು. ಕೆಂಪವ್ವನಿಗೆ ಶಾಲು ಹೊದಿಸಿ ಮುಂದಿನ ಸಾಲಿನಲ್ಲಿ ಕೂರಿಸಿದ್ದರು. ಪರದೆಯ ಮೇಲೆ ಅವಳು ಬರೆದ ಇಪ್ಪತ್ತೆಂಟು ವರ್ಷಗಳು ಒಂದು ಕೆಂಪು ಗೆರೆಯಾಗಿ ಮೂಡಿದವು. ಗೆರೆ ಏಳುತ್ತ ಬೀಳುತ್ತ ಕೊನೆಗೆ ಮೇಲೆಯೇ ಹೋಗಿತ್ತು. ಬೇಸಿಗೆಯ ಹಗಲು ಸರಾಸರಿ ಒಂದು ಡಿಗ್ರಿ ಏರಿದೆ ಎಂದು ನೇತ್ರಾ ಹೇಳಿದಾಗ ಕೆಂಪವ್ವ ಶಾಲು ಸರಿಮಾಡಿಕೊಂಡು ಎದ್ದು ನಿಂತಳು.

"ಮೇಡಮ್ಮಾರ, ಒಂದ್ ಮಾತ ಕೇಳ್ಲೇನ್ರಿ?"

"ಕೇಳ್ರಿ ಕೆಂಪವ್ವಾರ."

"ಮೊದಲ ಆ ಪೆಟಗಿ ಬಾವಿ ಬಾಜೂಕ ಹುಲ್ಲಿನ ಮ್ಯಾಲ ಇತ್ರಿ. ಹದಿನೈದ ವರ್ಷದ ಹಿಂದ ಗೋಡೌನ್ ಕಟ್ಟುಮುಂದ ಅದನ್ನ ಕಿತ್ತು ಸಿಮೆಂಟ್ ಕಣದ ಹಂತ್ಯಾಕ ನಿಲ್ಲಿಸಿದ್ರು. ಸಿಮೆಂಟ್ ಕಾಯ್ತೈತ್ರಿ. ನಿಮ್ಮ ಗೆರಿ ಏರಿದ್ದು ಬಿಸಲಿಗೋ, ಕಣಕ್ಕೋ?"

ಸಭೆಯಲ್ಲಿ ನಗು ಎದ್ದಿತು. ನೇತ್ರಾ ನಗಲಿಲ್ಲ. ಪೆನ್ನು ತೆಗೆದು ಬರೆದುಕೊಂಡಳು. "ಇದು ನನಗ ಗೊತ್ತಿರಲಿಲ್ರಿ. ಯಾವ ಕಾಗದದಾಗೂ ಇಲ್ಲ. ಬಂದು ನೋಡ್ತೇನಿ" ಎಂದಳು.

ಮಾತಿಗೆ ತಪ್ಪದೆ ಮರುವಾರವೇ ಬಂದಳು. ಬಾವಿಯ ಹತ್ತಿರ ಹಳೆಯ ಜಾಗದಲ್ಲಿ ಇನ್ನೊಂದು ಪೆಟ್ಟಿಗೆ ನಿಲ್ಲಿಸಿದರು. ಆ ಬೇಸಿಗೆಯಿಡೀ ಕೆಂಪವ್ವ ಎರಡೂ ಪೆಟ್ಟಿಗೆ ಓದಿದಳು. ಜಾಗ ಬದಲಾಗದ ಬೇರೆ ಊರುಗಳ ಬುಕ್ಕುಗಳನ್ನೂ ನೇತ್ರಾ ತಂದು ಪಕ್ಕದಲ್ಲಿ ಇಟ್ಟಳು. ಕೊನೆಗೆ ಲೆಕ್ಕ ಹೀಗೆ ಬಂತು: ಏರಿದ ಒಂದು ಡಿಗ್ರಿಯಲ್ಲಿ ಮೂರರಲ್ಲೊಂದು ಪಾಲು ಸಿಮೆಂಟಿನದು, ಉಳಿದದ್ದು ಬಿಸಿಲಿನದೇ. ಕೆಂಪವ್ವ ಅಷ್ಟಕ್ಕೇ ಬಿಡಲಿಲ್ಲ. ಗಿಡ ಕಡಿದದ್ದರ ಪಾಲು ಎಷ್ಟು, ಕಾಲುವೆ ನೀರು ಬಂದು ಹೊಲ ಹಸಿರಾದದ್ದರ ಪಾಲು ಎಷ್ಟು ಎಂದೆಲ್ಲ ಕೇಳಿದಳು. ಕೆಲವಕ್ಕೆ ನೇತ್ರಾ ಉತ್ತರ ಕೊಟ್ಟಳು. ಒಂದೆರಡಕ್ಕೆ "ಇನ್ನೂ ಗೊತ್ತಿಲ್ರಿ" ಎಂದಳು. ಆ ‘ಗೊತ್ತಿಲ್ಲ’ ಕೇಳಿದ ಮೇಲೆಯೇ ಕೆಂಪವ್ವನಿಗೆ ಆ ಹುಡುಗಿಯ ಮೇಲೆ ಪೂರ್ತಿ ನಂಬಿಕೆ ಕೂತದ್ದು.

"ಹಂಗಾದ್ರ ಖರೆ ಐತ್ರಿ" ಎಂದಳು.

ಪೆಟ್ಟಿಗೆ ಮತ್ತೆ ಬಾವಿಯ ಪಕ್ಕದ ಹುಲ್ಲಿಗೆ ಬಂತು. ಅದರ ಜೊತೆಗೆ, ತಾನೇ ಓದಿ ತಾನೇ ಫೋನಿಗೆ ಅಂಕಿ ಕಳಿಸುವ ಒಂದು ಹೊಸ ಮಿಷನ್ನೂ ಬಂತು.

ತೋಟದ ಬೇಲಿಗೆ ಹತ್ತಿಕೊಂಡೇ ಈಶ್ವರನ ಹೊಲ. ಕಬ್ಬು, ಅರಿಷಿಣ ಬೆಳೆಯುವ ದೊಡ್ಡ ಒಕ್ಕಲುತನ. ಬಸವಣ್ಣನವರ ಹೆಸರು ಹೇಳಿಯೇ ದಿನ ಸುರು ಮಾಡುವ ಮನೆ. ಈಶ್ವರ ಮಾತುಗಾರ. ನಿಡಸೋಸಿಯ ಸಭೆಯ ಕತೆಯನ್ನು ಅವನು ಮೂಡಲಗಿಯ ಚಹಾದಂಗಡಿಯಲ್ಲಿ ಎಷ್ಟು ಸಲ ಹೇಳಿದನೋ. ಪ್ರತಿ ಸಲವೂ ಅರ್ಧಕ್ಕೇ ನಿಲ್ಲಿಸುತ್ತಿದ್ದ: "ನಮ್ಮ ಕೆಂಪವ್ವ ಒಂದಽ ಮಾತಿಗಿ ವಿಜ್ಞಾನಿ ಬಾಯಿ ಮುಚ್ಚಿಸಿದ್ಲು ನೋಡ್ರಿ! ಎಲ್ಲಾ ಸಿಮೆಂಟಿನ ಆಟ!"

"ಈಶ್ವರಣ್ಣಾರ, ಮುಂದಿಂದೂ ಹೇಳ್ರಿ" ಎಂದು ಕೆಂಪವ್ವ ಬೇಲಿಯ ಈಚೆಯಿಂದ ಕೂಗಿದರೆ ಅವನು ಕೈಬೀಸಿ ನಕ್ಕು ಹೋಗುತ್ತಿದ್ದ. ಬಿಸಿಲು ಮೊದಲಿನಿಂದಲೂ ಹೀಗೇ ಇದೆ, ಈಗಿನವರ ಮೈ ಮೆತ್ತಗಾಗಿದೆ ಅಷ್ಟೇ ಎಂಬುದು ಅವನ ಮಾತು.

ಅವನ ಹೆಂಡತಿ ಬಾಳವ್ವ ಕೆಂಪವ್ವನ ಗೆಳತಿ. ಇಪ್ಪತ್ತು ವರ್ಷದ ಹಿಂದೆ ಒಂದು ಮಧ್ಯಾಹ್ನ ಬಾಳವ್ವ ಬುತ್ತಿ ಹಿಡಿದು ಬೇಲಿ ನುಸುಳಿ ಬಂದು ಬೇವಿನ ಗಿಡದ ಕೆಳಗೆ ಕೂತಿದ್ದಳು. ಕೆಂಪವ್ವ ತನ್ನ ಬುತ್ತಿಯ ಗಂಟನ್ನು ಹಿಂದಕ್ಕೆ ಸರಿಸಿಕೊಂಡಿದ್ದಳು. ಬಾಳವ್ವ ಕೈ ಚಾಚಿ ಆ ಗಂಟನ್ನೇ ಎಳೆದು ಬಿಚ್ಚಿ, ಅವಳ ರೊಟ್ಟಿ ಮುರಿದು ಅಗಸಿ ಚಟ್ನಿ ಹಚ್ಚಿಕೊಂಡು ತಿಂದಳು. "ಖಾರ ಕಡಿಮಿ ಆಗೈತಿ ನೋಡ" ಎಂದಳು. ಅದಾದ ಮೇಲೆ ಇಬ್ಬರೂ ಬೇರೆ ಬೇರೆ ಉಂಡ ದಿನಗಳು ಕಡಿಮೆ.

ಹೋದ ವರ್ಷ ಏಪ್ರಿಲ್ ಹದಿನೆಂಟರಂದು, ಕುಳೆ ಕಬ್ಬಿನಲ್ಲಿ ಕಸ ತೆಗೆಯುತ್ತಿದ್ದ ಬಾಳವ್ವ ನೀರಿನ ಕಾಲುವೆಯ ದಂಡೆಯಲ್ಲಿ ಬಿದ್ದಿದ್ದಳು. ಮಧ್ಯಾಹ್ನ ಎರಡೂಕಾಲರ ಹೊತ್ತಿಗೆ ಆಳುಗಳು ನೋಡಿದರು. ಗೋಕಾಕಕ್ಕೆ ಒಯ್ಯುವಷ್ಟರಲ್ಲಿ ಜೀವ ಇರಲಿಲ್ಲ. ಹಾರ್ಟು ನಿಂತಿತು ಎಂದರು. ಮಾತಾಡಿಸಲು ಬಂದವರಿಗೆಲ್ಲ ಈಶ್ವರ ಅದನ್ನೇ ಹೇಳಿದ, "ಹಾರ್ಟಂತ, ಹಾರ್ಟಂತ" ಎಂದು. ಯಾರೋ ಒಬ್ಬರು ಏನ್ ಬಿಸಿಲಪ್ಪಾ ಅವತ್ತು ಎಂದದ್ದಕ್ಕೆ ಎದ್ದು ನಿಂತು, ಬಿಸಿಲಿಗೆ ಯಾರೂ ಸಾಯುವುದಿಲ್ಲ ಎಂದು ಕೂಗಾಡಿದ.

ಅದೇ ವರ್ಷ ಕೆಂಪವ್ವನ ಬುಕ್ಕಿಗೂ ಹೊಸ ಮಿಷನ್ನಿಗೂ ತಾಳೆ ತಪ್ಪತೊಡಗಿತ್ತು. ಹಿಂದೊಮ್ಮೆ ಹೀಗಾದಾಗ ಕೆಂಪವ್ವನೇ ಮಿಷನ್ನಿನ ಮುಚ್ಚಳ ತೆಗೆದು ನೋಡಿ, ಒಳಗೆ ಕಣಜದ ಹುಳ ಮಣ್ಣಿನ ಗೂಡು ಕಟ್ಟಿದ್ದನ್ನು ಹಿಡಿದಿದ್ದಳು. ನೇತ್ರಾ ಶಹಬ್ಬಾಸ್ ಎಂದಿದ್ದಳು. ಈ ಸಲವೂ ನೇತ್ರಾ ಫೋನು ಮಾಡಿದಳು.

"ಕೆಂಪವ್ವಾರ, ನಿಮ್ಮದಕ್ಕೂ ಮಿಷನ್ನಿಂದಕ್ಕೂ ಒಂದೊಂದ ದಿನ ಎರಡ ಡಿಗ್ರಿ ಫರಕ್ ಬರಾಕತ್ತೈತ್ರಿ."

"ಮಿಷನ್ ಕೆಟ್ಟಿರಬೇಕ್ರಿ."

ಮುಚ್ಚಳ ತೆಗೆದು ನೋಡಿದರೆ ಗೂಡು ಇರಲಿಲ್ಲ. ಹಾಗಿದ್ದರೆ ವೈರು ಕೆಟ್ಟಿರಬೇಕು ಎಂದಳು ಕೆಂಪವ್ವ. ಬೆಳಗಾವಿಯಿಂದ ಒಬ್ಬ ಬಂದು ವೈರು ನೋಡಿ ಸರಿ ಇದೆ ಎಂದ. ಹಾಗಿದ್ದರೆ ಬ್ಯಾಟರಿ. ಬ್ಯಾಟರಿ ಬದಲಾಯಿತು, ಫರಕು ಹೋಗಲಿಲ್ಲ. ಊರ ಹೊರಗಿನಿಂದ ಬಂದ ಡಬ್ಬಿಗೆ ಇಲ್ಲಿಯ ಬಿಸಿಲು ಏನು ಗೊತ್ತು ಎಂದಳು ಕೊನೆಗೆ. ಇಬ್ಬರೂ ಒಂದೇ ಹೊತ್ತಿಗೆ ನಿಂತು ಓದಿ ನೋಡೋಣ ಎಂದು ನೇತ್ರಾ ಎರಡು ಸಲ ಕೇಳಿದಳು. ಕೆಂಪವ್ವ ಒಂದು ಸಲ ಮೈಯಲ್ಲಿ ಹುಷಾರಿಲ್ಲ ಎಂದಳು, ಇನ್ನೊಂದು ಸಲ ಫೋನೇ ಎತ್ತಲಿಲ್ಲ.

ಸುಮನ ಶನಿವಾರ ಬಂದಾಗ ಮನೆಯಲ್ಲಿ ಸಣ್ಣ ಸಣ್ಣದು ಕಣ್ಣಿಗೆ ಬೀಳುತ್ತಿತ್ತು. ಜೋಳ ಹಸನ ಮಾಡಿದರೂ ಹರಳು ಉಳಿಯುತ್ತಿದ್ದವು. ಚಹಾ ಕಪ್ಪಿನ ಹೊರಗೆ ಚೆಲ್ಲುತ್ತಿತ್ತು. ಸೂಜಿಗೆ ದಾರ ಪೋಣಿಸುವ ಕೆಲಸ ಮಗಳಿಗಾಗಿ ಕಾದಿರುತ್ತಿತ್ತು. ಡಿಸೆಂಬರಿನ ಒಂದು ಭಾನುವಾರ ಸುಮನ ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತು ಬೆರಳಿಟ್ಟು ಕೇಳಿದಳು: "ಯವ್ವಾ, ಇದು ಯಾವ ತಾರೀಖ?"

ಕೆಂಪವ್ವನಿಗೆ ಎಲ್ಲಿಲ್ಲದ ಸಿಟ್ಟು ಬಂತು. "ಮೂವತ್ತ ವರ್ಷ ಕೂದಲಿನಷ್ಟ ಸಣ್ಣ ಗೆರಿ ಓದೀನಿ. ನನಗ ಪರೀಕ್ಷಾ ತಗೋತಿ ಏನ?"

"ನೀ ನೇತ್ರಾ ಮೇಡಮ್ಮಾರಿಗೆ ಅಷ್ಟ ಮಂದಿ ಮುಂದ ಪರೀಕ್ಷಾ ತಗೊಂಡಿ. ಅವ್ರು ಸಿಟ್ಟಾಗ್ಲಿಲ್ಲ, ಯವ್ವಾ" ಎಂದಳು ಸುಮನ. ಚೀಲ ತೆಗೆದುಕೊಂಡು ಬಸ್ಸಿಗೆ ಹೊರಟಳು.

ಮರುದಿನ ಬೆಳಿಗ್ಗೆ ಕೆಂಪವ್ವ ಎಂದಿನಂತೆ ಕಲ್ಲು ಹತ್ತಿ ಪೆಟ್ಟಿಗೆಯ ಬಾಗಿಲು ತೆರೆದಳು. ಥರ್ಮಾಮೀಟರು ಮಂಜಿನೊಳಗಿನ ಕಡ್ಡಿಯಂತೆ ಕಂಡಿತು. ಕೈ ಅದರ ಪಾಡಿಗೆ ಬುಕ್ಕಿನಲ್ಲಿ ಹದಿನೈದು ಎಂದು ಬರೆಯಿತು. ಕಣ್ಣು ಇನ್ನೂ ಗೆರೆಯನ್ನು ಹುಡುಕುತ್ತಲೇ ಇತ್ತು. ಕೈ ಆಗಲೇ ಬರೆದು ಮುಗಿಸಿತ್ತು. ಡಿಸೆಂಬರಿನ ಬೆಳಿಗ್ಗೆ ಎಷ್ಟಿರಬೇಕೋ ಅಷ್ಟು ಬರೆದಿತ್ತು. ಎಷ್ಟು ದಿನದಿಂದ ಹೀಗೆ? ಬೇಸಿಗೆಯಲ್ಲೂ ಹೀಗೆಯೇ, ತನ್ನ ತಲೆಯೊಳಗಿನ ಹಳೆಯ ಏಪ್ರಿಲ್ಲನ್ನೇ ಬರೆದಳೇ? ಕಲ್ಲಿನ ಮೇಲೆ ಕೂತು, ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಒರೆಸಿದರೆ ಹೋಗುವ ಮಂಜಲ್ಲ ಎಂಬುದು ಅವಳಿಗೆ ತಿಂಗಳುಗಳಿಂದ ಗೊತ್ತಿತ್ತು. ಕಣ್ಣು ಹೋದರೆ ಪೆಟ್ಟಿಗೆ ಹೋಗುತ್ತದೆ, ಪೆಟ್ಟಿಗೆ ಹೋದರೆ ತಾನು ಯಾರು ಎಂಬ ಹೆದರಿಕೆಯಲ್ಲಿ ಮಿಷನ್ನಿನ ಮೇಲೆ ಒಂದಾದ ಮೇಲೊಂದು ತಪ್ಪು ಹೊರಿಸಿದ್ದಳು.

ಫೋನಿನಲ್ಲಿ ಮಗಳ ಹೆಸರನ್ನು ಹುಡುಕಲೂ ಅವಳಿಗೆ ಆಗಲಿಲ್ಲ. ಕಾವಲುಗಾರನ ಕೈಗೆ ಕೊಟ್ಟು ಹಚ್ಚಿಸಿದಳು.

"ಸುಮಿ, ನನಗ ಕಾಣವಲ್ದು" ಎಂದಳು. ಆಚೆ ಸುಮನಳೂ ಅಳುತ್ತಿದ್ದಳು.

ಗೋಕಾಕದ ಆಸ್ಪತ್ರೆಯಲ್ಲಿ ಡಾಕ್ಟರು ಟಾರ್ಚು ಬಿಟ್ಟು ನೋಡಿ, ಎರಡೂ ಕಣ್ಣಿಗೆ ಪೊರೆ ಬಂದಿದೆ, ಒಂದು ವರ್ಷದ ಹಿಂದೆಯೇ ಬರಬೇಕಿತ್ತು ಎಂದರು. ಜನವರಿಯಲ್ಲಿ ಒಂದು ಕಣ್ಣು, ಫೆಬ್ರುವರಿಯಲ್ಲಿ ಇನ್ನೊಂದು. ಆ ಎರಡು ತಿಂಗಳು ಸುಮನ ತಾಯಿಯ ಮನೆಯಲ್ಲೇ ಇದ್ದು ಹುಕ್ಕೇರಿಗೆ ದಿನಾ ಹೋಗಿ ಬಂದು ಮಾಡಿದಳು. ಮುಂಜಾನೆ ಹೊರಡುವ ಮೊದಲು ತಾಯಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕಣ್ಣಿಗೆ ಹನಿ ಹಾಕುತ್ತಿದ್ದಳು. ಎರಡನೆಯ ಪಟ್ಟಿ ಬಿಚ್ಚಿದ ದಿನ ಕೆಂಪವ್ವ ಮೊದಲು ನೋಡಿದ್ದು ಮಗಳ ಮುಖ. ಹಣೆಯ ಪಕ್ಕದಲ್ಲಿ ನಾಲ್ಕು ಬಿಳಿ ಕೂದಲು ಇದ್ದವು. "ನಿನಗ ಯಾವಾಗ ಬಂದ್ವು ಇವು?" ಎಂದು ಕೇಳಿದಳು.

ಕೆಲಸಕ್ಕೆ ಮರಳಿದ ಮೊದಲ ದಿನ ಅವಳು ಮಿಷನ್ನಿನ ಅಂಕಿಗಳ ಪಟ್ಟಿಯನ್ನು ನೇತ್ರಾಳಿಂದ ತರಿಸಿಕೊಂಡು ಬುಕ್ಕಿನ ಪಕ್ಕದಲ್ಲಿಟ್ಟುಕೊಂಡು ಕೂತಳು. ಒಂದು ವರ್ಷ ಪೂರ್ತಿ ಹಾಳೆ ಹಾಳೆ ತಾಳೆ ನೋಡಿದಳು. ಪ್ರತಿ ಹಾಳೆಯ ಅಂಚಿನಲ್ಲಿ ಕೆಂಪು ಶಾಯಿಯಿಂದ ಬರೆದಳು: ‘ಸಂಶಯ. ಓದಿದವಳ ಕಣ್ಣಿನ ದೋಷ. ಮಿಷನ್ ಅಂಕಿ ನೋಡುವುದು.’ ಏಪ್ರಿಲಿನ ಹಾಳೆಗೆ ಬಂದಾಗ ಕೈ ನಿಂತಿತು. ಹದಿನೆಂಟನೆಯ ತಾರೀಖು. ಮಿಷನ್ನಿನ ಅಂಕಿ ನಲವತ್ತೊಂದು ಪಾಯಿಂಟ್ ನಾಲ್ಕು. ತಾನು ಬರೆದದ್ದು ಮೂವತ್ತೊಂಬತ್ತು. ಬಾಳವ್ವ ಬಿದ್ದ ದಿನ.

ತೋಟದ ಸಾಹೇಬರು ಬುಕ್ಕು ನೋಡಿ ತಲೆಗೆ ಕೈ ಹಚ್ಚಿದರು. "ಇದನ್ಯಾಕ ಬರಿಯಾಕ ಹೋದಿ? ಮೂವತ್ತು ವರ್ಷದ ಹೆಸರು ಹೋಗತೈತಿ."

"ಆ ಒಂದ್ ವರ್ಷ ಹೋಗ್ಲಿ ಬಿಡ್ರಿ ಸಾಹೇಬ್ರ. ಅದನ್ನ ಮುಚ್ಚಿಟ್ರ ಉಳಿದ ಮೂವತ್ತೂ ಹೋಗತಾವ್ರಿ" ಎಂದಳು ಕೆಂಪವ್ವ.

ಸುದ್ದಿ ಬೇಲಿ ದಾಟಲು ಎಷ್ಟು ಹೊತ್ತು? ಮೂಡಲಗಿಯ ಚಹಾದಂಗಡಿಯಲ್ಲಿ ಈಶ್ವರ ಮೇಜು ಗುದ್ದಿ ಹೇಳಿದನಂತೆ: "ಕಣ್ಣ ಕಾಣದಾಕಿ ಬರದದ್ದ ನಂಬಿಕೊಂಡ ಬಿಸಲ ಏರೈತಿ ಅಂತಾರ. ತಾನಽ ಸಂಶಯ ಅಂತ ಬರಕೊಟ್ಟಾಳ! ಮೂವತ್ತೂ ವರ್ಷ ಬೋಗಸ್!" ಕೇಳಿಸಿಕೊಂಡು ಬಂದವರು ಸುಮನಳ ಮುಂದೆಯೇ ಹೇಳಿದರು. ಸುಮನಳ ಮುಖ ಕೆಂಪಾಯಿತು. ಈಗಲೇ ಹೋಗಿ ಬುಕ್ಕು ಅವನ ಮುಖದ ಮುಂದೆ ಹಿಡಿಯುತ್ತೇನೆ ಎಂದು ಎದ್ದಳು.

"ಕುಂದರ ಸುಮಿ" ಎಂದಳು ಕೆಂಪವ್ವ. ಅವಳಿಗೂ ನೋವಾಗಿತ್ತು, ಕಣ್ಣು ಕಾಣದವಳು ಎಂಬ ಮಾತು ಕರುಳಿಗೆ ನಾಟಿತ್ತು. ಆದರೆ ಆ ಮಾತಿನ ಹಿಂದೆ ಒಂದು ದನಿ ಕೇಳಿದಂತಾಯಿತು. ಅದು ಅವಳದೇ ದನಿ. ಗೂಡಿಲ್ಲದಿದ್ದರೆ ವೈರು, ವೈರಲ್ಲದಿದ್ದರೆ ಬ್ಯಾಟರಿ. "ನಾ ಹೆದರಿ ಹಂಗ ಮಾಡಿದ್ನಿ. ಅಂವ ಯಾತಕ್ಕ ಹೆದರ್ಯಾನ?" ಎಂದು ತನ್ನಷ್ಟಕ್ಕೇ ಎಂದಳು.

ಭಾನುವಾರ ಬೆಳಿಗ್ಗೆ ಒಬ್ಬಳೇ ಹೊರಟು ಈಶ್ವರನ ಹೊಲಕ್ಕೆ ಹೋದಳು. ಬುಕ್ಕು ಒಯ್ಯಲಿಲ್ಲ. ಅವನು ಪಂಪಿನ ಮನೆಯ ಮುಂದೆ ಹರಿದ ಪೈಪು ಜೋಡಿಸುತ್ತ ಕೂತಿದ್ದ. ಒಂದು ವರ್ಷದಲ್ಲಿ ಮನುಷ್ಯ ಅರ್ಧ ಆಗಿದ್ದ. ಅಂಗಿಯ ಎರಡು ಗುಂಡಿ ಕಿತ್ತುಹೋಗಿದ್ದವು.

"ಬಾ ಕೆಂಪವ್ವಾ. ಜಗಳ ಮಾಡಾಕ ಬಂದಿ?"

"ಇಲ್ರಿ ಅಣ್ಣಾರ. ಕಣ್ಣ ಬಂದ್ವು, ನಿಮ್ಮನ್ನ ನೋಡಿ ಹೋಗೂಣಂತ ಬಂದೀನಿ."

ಅವನು ಪೈಪಿನ ಮೇಲೆಯೇ ಕಣ್ಣಿಟ್ಟು ಮಾತು ಸುರು ಮಾಡಿದ. ತನ್ನ ಅಪ್ಪನ ಕಾಲದಲ್ಲಿ ಒಂದು ವರ್ಷ ಕಾಗೆಗಳು ಸತ್ತು ಬಿದ್ದಿದ್ದವು, ಅಂಥ ಬಿಸಿಲಿತ್ತು ಎಂದ.

"ಇರಬಹುದ್ರಿ. ಆ ವರ್ಷದ ಬುಕ್ಕ ನನ್ನ ಹಂತ್ಯಾಕ ಇಲ್ಲ. ನಾ ಇಲ್ಲ ಅನ್ನೂದಿಲ್ಲ."

ಸಿಮೆಂಟಿನ ಮಾತು ತೆಗೆದ. ಅದನ್ನು ಕಳೆದೂ ಉಳಿಯುತ್ತದೆ ಎಂದಳು. ನಿನ್ನ ಕಣ್ಣು ಎಂದ. ಆ ವರ್ಷ ಬಿಟ್ಟು ಲೆಕ್ಕ ಹಾಕಿದರೂ ಅಷ್ಟೇ ಬರುತ್ತದೆ, ಮಿಷನ್ನೂ ಬೇರೆ ಊರಿನ ಬುಕ್ಕೂ ಅದನ್ನೇ ಹೇಳುತ್ತವೆ ಎಂದಳು. ಮಿಷನ್ನು ಕಳಿಸಿದವರಿಗೆ ಏನೋ ಲಾಭ ಇರಬೇಕು ಎಂದ. ಕೆಂಪವ್ವ ಅವನ ಎದುರಿನ ಕಟ್ಟೆಯ ಮೇಲೆ ಕೂತಳು.

"ಈಶ್ವರಣ್ಣಾರ, ಒಂದ ಕೇಳ್ತೇನಿ. ಮೇಡಮ್ಮಾರ ಮ್ಯಾಲ ನನಗ ಸಂಶಯ ಬಂದಾಗ, ಎರಡನೇ ಪೆಟಗಿ ಇಟ್ಟು ನೋಡೂಣು, ಅದರಾಗೂ ಹಂಗಽ ಬಂದ್ರ ಒಪ್ತೇನಿ ಅಂದಿದ್ನಿ. ನಿಮಗ ಏನ್ ತೋರಿಸಿದ್ರ ಒಪ್ತೀರಿ? ಅದನ್ನ ಹೇಳ್ರಿ, ನಾ ಹುಡುಕಿ ತರ್ತೇನಿ."

ಈಶ್ವರ ಪೈಪಿನ ತುಂಡನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದ. "ಏನ್ ತೋರಿಸಿದ್ರೂ ಒಪ್ಪಾಂಗಿಲ್ಲ ನಾ" ಎಂದ.

"ಯಾಕ್ರಿ?"

"ಅಕಿ ಹನ್ನೊಂದಕ್ಕ ಬಂದು, ಇವತ್ತ ಝಳ ಭಾಳ ಐತಿ, ಸಂಜಿಕ ತಗೀತೇನಿ ಅಂದ್ಲು. ನಾನಽ ಕಳಿಸಿದ್ನಿ. ನಾಳೆ ನೀರಿನ ಪಾಳಿ ಐತಿ, ಆ ಮೂಲಿ ಮುಗಿಸಿ ಬಾ, ಬ್ಯಾಸಗಿ ಏನ್ ಹೊಸಾದೇನು ಅಂದ್ನಿ." ಅವನು ಪೈಪು ಕೆಳಗಿಟ್ಟ. "ನೀ ಹೇಳೂದ ಖರೆ ಅಂದ್ರ ನಾನಽ ಅಕಿನ್ನ ಕೊಂದಂಗ ಆತಲ್ಲ ಕೆಂಪವ್ವಾ?"

ಅವನು ತಲೆ ತಗ್ಗಿಸಿ ಅತ್ತ. ಅರವತ್ತು ದಾಟಿದ ಗಂಡಸು, ಇಡೀ ಚಹಾದಂಗಡಿಯನ್ನು ಒಬ್ಬನೇ ಆಳುವವನು, ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತ. ಕೆಂಪವ್ವ ತಡೆಯಲಿಲ್ಲ. ಅವಳಿಗೂ ಬಾಳವ್ವ ನೆನಪಾದಳು. ಪಂಪಿನ ಮನೆಯೊಳಗೆ ಹೋಗಿ ಕೊಡದಿಂದ ಒಂದು ತಂಬಿಗೆ ನೀರು ತಂದು ಅವನ ಪಕ್ಕದಲ್ಲಿಟ್ಟಳು. ಅವನು ಎತ್ತಿ ಕುಡಿದ.

"ನೋಡ್ರಿ" ಎಂದಳು ಆಮೇಲೆ, "ಅವತ್ತ ನಲವತ್ತೊಂದರ ಮ್ಯಾಲ ಇತ್ತು. ಮಿಷನ್ ಹೇಳತೈತಿ, ಅದನ್ನ ನಾ ನಂಬ್ತೇನಿ. ನನ್ನ ಬುಕ್ಕಿನ್ಯಾಗ ಮೂವತ್ತೊಂಬತ್ತ ಐತಿ. ನನ್ನ ಗೆಳತಿ ಸತ್ತ ದಿನಾನೂ ನಾ ಕಡಿಮಿ ಬರದೀನ್ರಿ. ಅದು ನನಗೂ ಚುಚ್ಚತೈತಿ."

ಅವನು ತಲೆಯೆತ್ತಿ ನೋಡಿದ.

"ಆದ್ರ ಅಕಿ ಬಿಸಲಿಗೇ ಹೋದ್ಲು ಅಂತ ನಾ ಹೇಳಾಂಗಿಲ್ಲ. ಡಾಕ್ಟ್ರು ಹಾರ್ಟ್ ಅಂದಾರ, ಅದೂ ಇರಬಹುದು. ಎರಡೂ ಕೂಡಿ ಆಗಿರಬಹುದು. ಮೂವತ್ತ ವರ್ಷದ ಗೆರಿ ಏರಿದ್ದು ನನಗ ಗೊತ್ತೈತಿ, ಒಂದ್ ಜೀವ ಯಾಕ ಹೋತು ಅನ್ನೂದು ಆ ಗೆರಿಗೆ ಗೊತ್ತಿಲ್ರಿ. ನಿಮ್ಮನ್ನ ಸಮಾಧಾನ ಮಾಡಾಕ ಈ ಮಾತ ಹೇಳಾಕತ್ತಿಲ್ಲ. ಖರೇನ ಗೊತ್ತಿಲ್ಲ."

"ಮತ್ತ ನಾ ಕಳಿಸಿದ್ದು?"

"ಕಳಿಸಿದ್ರಿ. ಎಲ್ಲಾರೂ ಕಳಸತಾರ, ಅಕಿನೂ ನಿಮ್ಮನ್ನ ಎಷ್ಟೋ ಬಿಸಲಾಗ ಕಳಿಸಿರಬೇಕು. ಆಗ ನಿಮಗ ಗೊತ್ತಿರಲಿಲ್ಲ. ಈಗ ಆ ಕಬ್ಬಿನ್ಯಾಗ ಏಳೆಂಟ ಹೆಣ್ಣಮಕ್ಕಳು ಅದಾರಲ್ರಿ."

ಈಶ್ವರ ಕಬ್ಬಿನ ಕಡೆ ನೋಡಿದ. ಒಳಗೆಲ್ಲೋ ಪಾರವ್ವ ಎಂಬ ಆಳು ಹೆಣ್ಣುಮಗಳು ಜೊತೆಯವರ ಸಂಗಡ ನಗುತ್ತಿದ್ದ ಸದ್ದು ಕೇಳುತ್ತಿತ್ತು. ಅವತ್ತು ಅವನು ಒಪ್ಪಿದೆ ಎಂದೇನೂ ಹೇಳಲಿಲ್ಲ. ಕೆಂಪವ್ವ ಎದ್ದು ಹೊರಟಾಗ ಬೇಲಿಯವರೆಗೆ ಬಂದು, ತಂತಿಯನ್ನು ಕಾಲಿನಿಂದ ಒತ್ತಿ ಹಿಡಿದು, ಅವಳು ದಾಟುವವರೆಗೆ ನಿಂತ.

ಈ ವರ್ಷ ಮಾರ್ಚಿನ ಕೊನೆಯಲ್ಲಿ ಅವನ ಹೊಲದ ಆಳುಗಳು ಬೆಳಿಗ್ಗೆ ಆರಕ್ಕೆ ಬಂದು ಹನ್ನೊಂದಕ್ಕೆ ಕೆಲಸ ನಿಲ್ಲಿಸತೊಡಗಿದರು. ಮತ್ತೆ ಇಳಿಹೊತ್ತಿಗೆ ಎರಡು ತಾಸು. ಕಾಲುವೆಯ ದಂಡೆಯಲ್ಲಿ ಕಬ್ಬಿನ ಒಣಗರಿಯ ರವದಿ ಹೊದಿಸಿದ ಚಪ್ಪರ ಎದ್ದಿತು, ಅದರ ಕೆಳಗೆ ಎರಡು ಮಣ್ಣಿನ ಹರವಿ ನೀರು. ಕೂಲಿ ಕಡಿಮೆ ಮಾಡಲಿಲ್ಲ ಎಂದು ಪಾರವ್ವನೇ ಕೆಂಪವ್ವನಿಗೆ ಹೇಳಿದಳು. ಚಹಾದಂಗಡಿಯಲ್ಲಿ ಈಶ್ವರ ಈಗಲೂ ವಾದ ಮಾಡುತ್ತಾನೆ. ಹಿಂದೊಮ್ಮೆ ಹೊಳೆಗೆ ಪ್ರವಾಹ ಬಂದದ್ದು ಮಳೆಗಿಂತ ಹೆಚ್ಚಾಗಿ ಅಣೆಕಟ್ಟಿನ ಬಾಗಿಲು ತಡವಾಗಿ ತೆಗೆದದ್ದಕ್ಕೆ ಎನ್ನುತ್ತಾನೆ. ಅದರಲ್ಲಿ ಎಷ್ಟು ನಿಜವೋ ನೋಡಬೇಕು ಎಂದು ಕೆಂಪವ್ವನೂ ಅನ್ನುತ್ತಾಳೆ.

ಏಪ್ರಿಲಿನ ಮೊದಲ ವಾರ ಒಂದು ಮಧ್ಯಾಹ್ನ ಅವನು ತಾನಾಗಿಯೇ ತೋಟದೊಳಗೆ ಬಂದು ಬೇವಿನ ಗಿಡದ ಕೆಳಗೆ ನಿಂತ.

"ಕೆಂಪಕ್ಕಾ, ಒಂದ್ ಮಾತ ಕೇಳ್ಲೇನ? ಮೊದಲ ಎಂಥಾ ಬ್ಯಾಸಗಿ ಇದ್ರೂ ಬೆಳಗಿನ ಜಾವಕ್ಕ ತಂಪ ಆಗತಿತ್ತು. ಚಾದರ ಎಳಕೋತಿದ್ವಿ. ಈಗ ಮುಂಜಾನಿ ತನಕ ಗ್ವಾಡಿ ಬೆಚ್ಚಗ ಇರತಾವ. ನಿನ್ನ ಬುಕ್ಕಿನ್ಯಾಗ ಹಂಗ ಏನರ ಐತೇನು? ಇಲ್ಲಾ ನನಗ ವಯಸ್ಸಾಗಿ ಹಂಗ ಅನಸತೈತೋ?"

ಕೆಂಪವ್ವ ಅವನ ಮುಖ ನೋಡಿದಳು. ಹಾಸ್ಯಕ್ಕೆ ಕೇಳುತ್ತಿರಲಿಲ್ಲ. ಒಳಗೆ ಹೋಗಿ ಹಳೆಯ ಬುಕ್ಕುಗಳನ್ನು ಎದೆಗೆ ಅವಚಿಕೊಂಡು ಬಂದಳು. ಇಬ್ಬರೂ ನೆರಳಿನಲ್ಲಿ ಕೂತರು. ಅವನು ಚಷ್ಮಾ ಹಾಕಿಕೊಂಡು, ಬೆರಳಿಟ್ಟು, ಒಂದೊಂದು ವರ್ಷದ ಏಪ್ರಿಲಿನ ಕಡಿಮೆ ಅಂಕಿಗಳನ್ನು ಜೋರಾಗಿ ಓದಿದ. ಅವಳು ಹಾಳೆಯ ಮೇಲೆ ಇಳಿಸಿಕೊಂಡಳು. ತಪ್ಪು ಓದಿದಾಗ ತಿದ್ದಿದಳು. ಗಂಟೆಯ ಮೇಲಾಯಿತು.

"ಏರಿದಂಗ ಕಾಣತೈತಿ" ಎಂದ ಈಶ್ವರ.

"ಕಾಣತೈತ್ರಿ. ಆದ್ರ ನಡುವಿನ ಹದಿನೈದ ವರ್ಷ ಪೆಟಗಿ ಕಣದ ಬಾಜೂಕ ಇತ್ತು. ಸಿಮೆಂಟ್ ರಾತ್ರಿನೂ ಬೆಚ್ಚಗ ಇರತೈತಿ. ಅದನ್ನ ಎಷ್ಟ ಕಳೀಬೇಕೋ ನನಗ ಗೊತ್ತಿಲ್ಲ."

"ಮತ್ತ ಯಾರಿಗಿ ಗೊತ್ತು?"

"ಮೇಡಮ್ಮಾರನ್ನ ಕೇಳಬೇಕು. ಅವರಿಗೂ ಗೊತ್ತಿರಲಿಕ್ಕಿಲ್ಲ."

"ಕೇಳಿ ನೋಡೂಣಲ್ಲ" ಎಂದು ಈಶ್ವರ ತನ್ನ ಜೇಬಿನಿಂದ ಫೋನು ತೆಗೆದ. "ನಂಬರ್ ಹೇಳು."